ಎದುರಿಗೆ ಬರುವವರ ಕಣ್ಣು ಕಟ್ಟಬೇಡಿ

ತುಮಕೂರಿನಿಂದ ನಾಗವಲ್ಲಿ, ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗುವ ರಸ್ತೆಯಲ್ಲಿ ಕತ್ತಲಾದ ಮೇಲೆ ಬೈಕ್ ಓಡಿಸುವವರನ್ನು ಕೇಳಿ ನೋಡಿ. ಎದುರಿನ ಕಾರು ಹೈ ಬೀಮ್ ಇಳಿಸದೆ ನುಗ್ಗಿ ಬಂದಾಗ ಏನು ಮಾಡುತ್ತೀರಿ ಎಂದರೆ ಎಲ್ಲರ ಉತ್ತರವೂ ಒಂದೇ: ತಲೆ ತಗ್ಗಿಸಿ, ರಸ್ತೆಯಂಚಿನ ಬಿಳಿ ಗೆರೆಯನ್ನಷ್ಟೇ ನೋಡಿಕೊಂಡು, ದೇವರ ಮೇಲೆ ಭಾರ ಹಾಕಿ ಮುಂದಕ್ಕೆ ಹೋಗುತ್ತೇವೆ. ಹೆದ್ದಾರಿಯಲ್ಲಾದರೆ ನಡುವಿನ ಡಿವೈಡರ್ ಮೇಲೆ ಕಣಗಿಲೆ ಗಿಡಗಳಿವೆ. ಎದುರಿನ ಬೆಳಕನ್ನು ತಡೆಯುವುದೂ ಆ ಗಿಡಗಳ ಕೆಲಸವೇ. ನಮ್ಮ ಎರಡು ಪಥದ ರಸ್ತೆಗಳಲ್ಲಿ ಅಂಥ ಮರೆಯಿಲ್ಲ. ಅಲ್ಲಿ ಮರೆಯ ಕೆಲಸ ಮಾಡಬೇಕಾದದ್ದು ಎದುರಿನ ಚಾಲಕನ ಮನಸ್ಸು ಮಾತ್ರ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಣ್ಣು ಕುಕ್ಕಿದ ಬೆಳಕು ಹಾದುಹೋದ ಮೇಲೂ ನೋಟ ತಿಳಿಯಾಗಲು ಕೆಲವು ಸೆಕೆಂಡು ಬೇಕು. ವಯಸ್ಸಾದವರಿಗೆ, ಕಣ್ಣಿನಲ್ಲಿ ಪೊರೆ ಬಂದವರಿಗೆ ಇನ್ನೂ ಹೆಚ್ಚು. ಮೂರೇ ಸೆಕೆಂಡು ಎಂದುಕೊಂಡರೂ ಐವತ್ತು ಮೀಟರ್ ಕುರುಡು ಓಟ.

ಆ ಐವತ್ತು ಮೀಟರಿನೊಳಗೆ ಯಾರಿರುತ್ತಾರೆ? ನಸುಕಿನಲ್ಲಿ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೊರಟ ತಾಯಿ. ಕುರಿ ಹಿಂಡು ಹೊಡೆದುಕೊಂಡು ಬರುತ್ತಿರುವ ಅಜ್ಜ. ತೆಂಗಿನಕಾಯಿ ತುಂಬಿಕೊಂಡ ಟ್ರ್ಯಾಕ್ಟರ್, ಅದರ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೇಲರ್. ಒಕ್ಕಣೆಯ ಕಾಲದಲ್ಲಿ ರಸ್ತೆಗೇ ಹರಡಿದ ಹುರುಳಿ, ರಾಗಿ, ಅದರ ಸುತ್ತ ಕಾವಲಿಗೆಂದು ಇಟ್ಟ ಕಲ್ಲುಗಳು. ಶಿವರಾತ್ರಿಗೆ ಮೊದಲು ಬೆಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಬಿಸಿಲು ತಪ್ಪಿಸಿಕೊಳ್ಳಲು ರಾತ್ರಿ ಹೊತ್ತು ಕುಣಿಗಲ್, ಯಡಿಯೂರಿನ ಹೆದ್ದಾರಿಯಂಚಿನಲ್ಲಿ ಸಾಲುಗಟ್ಟಿ ನಡೆಯುತ್ತಾರೆ. ಇವರಲ್ಲಿ ಯಾರೂ ಪರರಲ್ಲ. ನಮ್ಮ ಮನೆಯವರೇ, ನೆಂಟರೇ, ಪಕ್ಕದ ಹಟ್ಟಿಯವರೇ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು, 32,825 ಮಂದಿ ನಡೆದು ಹೋಗುತ್ತಿದ್ದವರು. ಮೂರರಲ್ಲಿ ಎರಡು ಪಾಲಿನಷ್ಟು ಜನ ತಗಡಿನ ಮರೆಯೂ ಇಲ್ಲದವರು. ನಮ್ಮ ಜಿಲ್ಲೆಯ ರಾತ್ರಿಗಳೂ ರಕ್ತ ಕಂಡಿವೆ. 2020ರ ಮಾರ್ಚ್ 6ರ ನಸುಕಿನಲ್ಲಿ ಕುಣಿಗಲ್ ತಾಲ್ಲೂಕಿನ ಹೆದ್ದಾರಿಯಲ್ಲಿ ಎರಡು ಕಾರುಗಳು ಅಪ್ಪಳಿಸಿ 13 ಮಂದಿ ತೀರಿಕೊಂಡರು. ಧರ್ಮಸ್ಥಳದಿಂದ ಮರಳುತ್ತಿದ್ದ ತಮಿಳುನಾಡಿನ ಯಾತ್ರಿಕರೇ ಅವರಲ್ಲಿ ಹೆಚ್ಚು. 2022ರ ಆಗಸ್ಟ್ 25ರಂದು ಬೆಳಕು ಹರಿಯುವ ಮುನ್ನ ಶಿರಾ ತಾಲ್ಲೂಕಿನಲ್ಲಿ, ಕೂಲಿಗೆಂದು ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಹೊರಟವರ ವಾಹನಕ್ಕೂ ಲಾರಿಗೂ ಡಿಕ್ಕಿಯಾಗಿ 9 ಮಂದಿ ಸತ್ತರು. ಇವಕ್ಕೆ ಹೆಡ್‌ಲೈಟೇ ಕಾರಣವೆಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ಮೊದಲೇ ಇಷ್ಟೊಂದು ಅಪಾಯವಿರುವ ದಾರಿಯಲ್ಲಿ ಎದುರಿನವರ ಕಣ್ಣನ್ನೂ ಕಿತ್ತುಕೊಳ್ಳುವ ಹಕ್ಕು ನಮಗೆ ಕೊಟ್ಟವರು ಯಾರು ಎಂದು ಕೇಳುತ್ತಿದ್ದೇನೆ.

ಇದಕ್ಕೆ ಪರಿಹಾರ ಯಂತ್ರಲೋಕಕ್ಕೆ ಗೊತ್ತಿಲ್ಲದೆ ಇಲ್ಲ. ಎದುರಿನ ಬೆಳಕು ಕಂಡೊಡನೆ ತಾನಾಗಿಯೇ ಡಿಪ್ ಆಗುವ ಏರ್ಪಾಟನ್ನು ಅಮೆರಿಕದ ಜನರಲ್ ಮೋಟಾರ್ಸ್ 1952ರಲ್ಲೇ ತನ್ನ ಕಾರುಗಳಿಗೆ ತಂದಿತ್ತು. 1967ರ ಸಿಟ್ರೋಯೆನ್ ಡಿಎಸ್ ಕಾರಿನಲ್ಲಿ ಸ್ಟೀರಿಂಗ್ ತಿರುಗಿದ ಕಡೆಗೇ ದೀಪವೂ ತಿರುಗುತ್ತಿತ್ತು. 2013ರಲ್ಲಿ ಆಡಿ ಎ8 ಕಾರಿಗೆ ಮ್ಯಾಟ್ರಿಕ್ಸ್ ಎಲ್‌ಇಡಿ ಬಂತು. ಗಾಜಿನ ಹಿಂದೊಂದು ಕ್ಯಾಮೆರಾ, ದೀಪದೊಳಗೆ ಹತ್ತಾರು ಪುಟ್ಟ ಎಲ್‌ಇಡಿಗಳು. ಎದುರಿನ ಚಾಲಕನ ಕಣ್ಣಿಗೆ ಬೀಳುವಂಥವು ಮಾತ್ರ ಆರುತ್ತವೆ, ಉಳಿದವು ರಸ್ತೆಯನ್ನೂ ಅಂಚನ್ನೂ ಹಗಲಿನಂತೆ ಬೆಳಗುತ್ತಲೇ ಇರುತ್ತವೆ. ಕೆಲವು ಕಾರುಗಳಲ್ಲಿ ಕತ್ತಲಲ್ಲಿ ನಡೆಯುವ ಮನುಷ್ಯನನ್ನು ಮೈಶಾಖದಿಂದಲೇ ಗುರುತಿಸುವ ಕ್ಯಾಮೆರಾ ಇದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮಳೆ ಹನಿಗಳ ಮೇಲೆ ಬೀಳುವ ಕಿರಣವನ್ನಷ್ಟೇ ತಡೆದು, ಹನಿಗಳ ನಡುವಿನಿಂದ ರಸ್ತೆ ತೋರಿಸುವ ದೀಪದ ಮಾದರಿಯನ್ನೇ ಮಾಡಿ ತೋರಿಸಿದರು.

ಈ ದೀಪಗಳಿಗೆ ಕಲಿಸಿರುವುದು ಒಂದೇ ಪಾಠ: ಎದುರಿಗೆ ಇನ್ನೊಬ್ಬರಿದ್ದಾರೆ, ಅವರನ್ನು ನೋಡು. ನಮ್ಮ ಜಿಲ್ಲೆಯ ಗುಬ್ಬಿಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರು ಅದು. ಬೆಳಕು ಪಾತ್ರದ ಮೇಲೆ ಬೀಳಬೇಕು, ಪ್ರೇಕ್ಷಕರ ಕಣ್ಣಿಗಲ್ಲ ಎಂಬುದು ರಂಗದ ದೀಪ ಹಿಡಿದವನಿಗೆ ಮೊದಲ ದಿನವೇ ಗೊತ್ತಿರಬೇಕು.

ದುಬಾರಿ ಕಾರಿನಲ್ಲಿ ಮಾತ್ರ ಈ ವಿವೇಕ ಸಿಗುವುದು ಅನ್ಯಾಯ. ಏರ್‌ಬ್ಯಾಗ್‌ನಂತೆ ಇಂಥ ದೀಪವನ್ನೂ ಸುರಕ್ಷತೆಯ ಸಾಧನವೆಂದು ಪರಿಗಣಿಸಿ, ಲಾರಿ ಬಸ್ಸುಗಳಿಂದಲೇ ಶುರುಮಾಡಿ ಕಡ್ಡಾಯ ಮಾಡಿ ಎಂದು ನಮ್ಮ ಸಂಸದರನ್ನು ಒತ್ತಾಯಿಸಬೇಕು. ಜೊತೆಗೆ ನಮ್ಮ ನಡತೆಯೂ ಬದಲಾಗಬೇಕು. ತುಮಕೂರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ನಗರ. ಬಟವಾಡಿಯಿಂದ ಗುಬ್ಬಿ ಗೇಟ್‌ವರೆಗೆ ಬೀದಿದೀಪಗಳ ಕೆಳಗೂ ಹೈ ಬೀಮ್ ಹಾಕಿಕೊಂಡು ಓಡುವುದು ಆ ಹೆಸರಿಗೆ ಒಪ್ಪುವುದಿಲ್ಲ.

ತಾನಾಗಿಯೇ ತಗ್ಗುವ ದೀಪ ಎಲ್ಲ ವಾಹನಗಳಿಗೂ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಹಳೆಯ ದೀಪವೂ ದಡ್ಡನಲ್ಲ, ಅದನ್ನು ಕೆಡಿಸಿದವರು ನಾವು. ಸಾಮಾನ್ಯ ಹೆಡ್‌ಲೈಟಿನ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿಗಳಿವೆ. ಡಿಪ್ ತಂತಿಯ ಕೆಳಗೆ ಉಗುರಿನಷ್ಟು ಚಿಕ್ಕದೊಂದು ಲೋಹದ ಬಟ್ಟಲಿದೆ. ಬೆಳಕು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಆ ಬಟ್ಟಲು. ಅಂಥ ಬಲ್ಬ್ ಕಿತ್ತು ಅಗ್ಗದ ಎಲ್‌ಇಡಿ ತುರುಕಿದರೆ ಬೆಳಕಿನ ಚುಕ್ಕೆ ಇರಬೇಕಾದ ಜಾಗದಲ್ಲಿರುವುದಿಲ್ಲ, ರಿಫ್ಲೆಕ್ಟರ್ ಅದನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಆಮೇಲೆ ನೀವು ಡಿಪ್ ಮಾಡಿದರೂ ಎದುರಿನವರಿಗೆ ಅದು ಹೈ ಬೀಮೇ.

ಕಾನೂನು ಸ್ಪಷ್ಟವಾಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ವಾಹನದ ಮುಂದಿನ ದೀಪ 8 ಮೀಟರ್ ದೂರದಲ್ಲಿ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕುಕ್ಕಬಾರದು. ಹೆಚ್ಚುಕಡಿಮೆ ಬೈಕಿನ ಮೇಲೆ ಕುಳಿತವರ ಕಣ್ಣಿನ ಎತ್ತರ ಅದು. 2024ರ ಜುಲೈ 1ರಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕೇಸು ಹಾಕಲು ಶುರುಮಾಡಿದರು. ಆಗ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ದಂಡ ಮೊದಲ ಸಲ 500 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 1,500 ಇತ್ತು. ಒಳ್ಳೆಯ ಕೆಲಸ. ಆದರೆ ಕಾರ್ಯಾಚರಣೆಯ ಬಿಸಿ ಆರಿದೊಡನೆ ದೀಪಗಳು ಮತ್ತೆ ತಲೆಯೆತ್ತುತ್ತವೆ. ಎಫ್‌ಸಿಗೆ ಬರುವ ಪ್ರತಿ ಲಾರಿ, ಬಸ್ಸು, ಟೆಂಪೊದ ದೀಪದ ಕೋನವನ್ನು ನಿಜವಾಗಿಯೂ ಅಳೆದು ನೋಡಿ ಎಂದು ಆರ್‌ಟಿಒ ಕಚೇರಿಯನ್ನು ನಾವು ಕೇಳಬೇಕು, ಬಿಡದೆ ಕೇಳಬೇಕು.

ಗ್ಯಾರೇಜಿನ ಅಣ್ಣಂದಿರೇ, ಹುಡುಗರು ದುಡ್ಡು ಹಿಡಿದು ಬಂದು ಇನ್ನೂ ಜೋರು ಬೆಳಕು ಬೇಕೆಂದಾಗ ಇಲ್ಲ ಎನ್ನಿ. ನೀವು ಜೋಡಿಸಿದ ಬಲ್ಬು ನಾಳೆ ನಿಮ್ಮ ತಮ್ಮನ ಎದುರಿಗೇ ಬರುತ್ತದೆ. ಕಾರು ಓಡಿಸುವವರೇ, ಈ ರಾತ್ರಿಯೇ ಒಂದು ಗೋಡೆಯೆದುರು 8 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಪ್ ಹಾಕಿ ನೋಡಿ. ಬೆಳಕಿನ ಮೇಲಂಚು ನಿಮ್ಮ ದೀಪದ ಎತ್ತರಕ್ಕಿಂತ ಕೆಳಗಿರಬೇಕು. ಮೇಲಿದ್ದರೆ ನಾಳೆ ಬೆಳಗ್ಗೆ ಸರಿಮಾಡಿಸಿ. ಬಹಳ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಎಂದು ಬರೆದ ಒಂದು ಗುಂಡಿಯಿದೆ. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಅದನ್ನು ಇಳಿಸುವುದಕ್ಕೇ ಆ ಗುಂಡಿ ಇರುವುದು. ಎದುರಿನವನು ಡಿಪ್ ಮಾಡಲಿಲ್ಲವೆಂದು ಹಟಕ್ಕೆ ಬಿದ್ದು ನೀವೂ ಹೈ ಬೀಮ್ ಹೊಡೆಯಬೇಡಿ. ಆಗ ಕಣ್ಣು ಕಾಣದವರು ಇಬ್ಬರಾಗುತ್ತಾರೆ, ನಡುವೆ ನಡೆದು ಬರುವವರಿಗೆ ಯಾರ ಆಸರೆಯೂ ಇರುವುದಿಲ್ಲ.

ರೈತ ಬಂಧುಗಳೇ, ಟ್ರೇಲರಿನ ಹಿಂದೆ ಕೆಂಪು ರೇಡಿಯಂ ಸ್ಟಿಕ್ಕರ್ ಅಂಟಿಸಲು ಒಂದು ಲೋಡಿನ ಬಾಡಿಗೆಯೂ ಖರ್ಚಾಗುವುದಿಲ್ಲ. ರಸ್ತೆಯಲ್ಲಿ ಒಕ್ಕಣೆ ಬೇಡ, ಕಣಕ್ಕೆ ಜಾಗ ಕೊಡಿಸಿ ಎಂದು ಪಂಚಾಯಿತಿಯಲ್ಲಿ ಕೂತು ಕೇಳಿ. ಇನ್ನು, ಶಿವರಾತ್ರಿ ಹತ್ತಿರವಾದಾಗ ಕುಣಿಗಲ್, ಯಡಿಯೂರಿನ ದಾರಿಯಲ್ಲಿ ಪಾದಯಾತ್ರಿಗಳಿಗೆ ಅನ್ನ, ಮಜ್ಜಿಗೆ ಕೊಡುವ ಪುಣ್ಯಾತ್ಮರಲ್ಲಿ ಒಂದು ಬೇಡಿಕೆ: ಈ ಸಲ ಊಟದ ಸಾಮಾನು ತರುವಾಗ ರೇಡಿಯಂ ಟೇಪಿನ ಸುರುಳಿಗಳನ್ನೂ ತನ್ನಿ, ಊಟ ಮುಗಿಸಿ ಏಳುವ ಪ್ರತಿಯೊಬ್ಬರ ಚೀಲದ ಹಿಂಭಾಗಕ್ಕೂ ಒಂದೊಂದು ಗೇಣು ಅಂಟಿಸಿ ಕಳಿಸಿಕೊಡಿ.