ಪ್ರತಿಭೆ: ಹುಟ್ಟಿನದೋ, ರೂಢಿಯದೋ?

ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಪತ್ರಿಕೆಗಳ ತುಂಬ ‘ಪ್ರತಿಭಾವಂತ’ರ ಭಾವಚಿತ್ರಗಳು. ಆ ಮಕ್ಕಳ ಶ್ರಮಕ್ಕೆ ಅಭಿನಂದನೆ ಸಲ್ಲಲೇಬೇಕು. ಆದರೆ ಅಂಕಗಳು ಬರುವುದು ಈಗಾಗಲೇ ಗೊತ್ತಿರುವ ಉತ್ತರಗಳಿಗೆ. ಸೃಜನಶೀಲತೆ ಮೊಳೆಯುವುದು ಯಾರೂ ಕೇಳದ ಪ್ರಶ್ನೆಯಲ್ಲಿ. ಅಂತಹ ಮನಸ್ಸು ದೈವದತ್ತ ಎಂದು ಕೈಚೆಲ್ಲಿ ಕೂರಬೇಕೇ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿದ ನನಗೆ ಹಾಗೆ ಅನ್ನಿಸುವುದಿಲ್ಲ.

ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯನ್ನೇ ನೋಡೋಣ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಆ ಪುಟ್ಟ ಹಳ್ಳಿಯ ಗೆಳೆಯರ ಬಳಗದವರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಊರೆಲ್ಲ ಕೇಳುತ್ತಿತ್ತು. ಅದು ಕಾವ್ಯವೆಂದು ಕಿವಿಗೊಟ್ಟು ಬರೆದುಕೊಂಡವರು ಇವರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾದಾಗ ನಾಡು ಬೆರಗಾಯಿತು. ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದ ಲಿಂಗಣ್ಣನವರು ಮುಂದೆ ಕೊಪ್ಪಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ವಚನಗಳ ಕಥೆಯೂ ಇಂಥದೇ. ತಾಡೋಲೆಗಳಲ್ಲಿ ಅಡಗಿದ್ದ ವಚನಗಳನ್ನು ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭವಾಯಿತು. ದಶಕಗಳ ಆ ದುಡಿಮೆಯನ್ನು ಯಾವ ಪರೀಕ್ಷೆ ಅಳೆದೀತು?

ಇವರಲ್ಲಿ ಕಾಣುವ ಗುಣಗಳು ಸರಳವಾದವು: ಕಣ್ಣೆದುರಿನ ಸಾಮಾನ್ಯ ಸಂಗತಿಯತ್ತ ಲಕ್ಷ್ಯ, ಕೇಳಿದ್ದನ್ನು ಬರೆದಿಡುವ ಶಿಸ್ತು, ಸಮಾನಮನಸ್ಕರ ಒಡನಾಟ, ಫಲಕ್ಕೆ ಆತುರಪಡದ ತಾಳ್ಮೆ. ಇವೆಲ್ಲ ರೂಢಿಯಿಂದ ಬರುವಂಥವು. ಅಲಕ್ಷ್ಯದಿಂದ ಅಳಿಯುವಂಥವು ಕೂಡ.

ಈ ಅಲಕ್ಷ್ಯದಲ್ಲಿ ನನ್ನ ಪಾಲೂ ಇದೆ. ಮುದ್ದೇಬಿಹಾಳ ತಾಲ್ಲೂಕಿನ ಡೋಣಿ ದಂಡೆಯ ಶಾಲೆಯೊಂದರ ತಪಾಸಣೆಗೆ ಹೋಗಿದ್ದೆ. ಹುಡುಗನೊಬ್ಬ ಎದ್ದು ನಿಂತು, ‘ಸಾಹೇಬ್ರ, ಡೋಣಿ ನೀರು ಸವುಳು ಅದ. ಅದರ ದಂಡಿ ಹೊಲದಾಗ ಜ್ವಾಳ ಹೆಂಗ ಇಷ್ಟು ಚಲೋ ಬೆಳೀತದರಿ?’ ಎಂದ. ಗುರುಗಳು ಗದರಿದರು. ಅರ್ಥಶಾಸ್ತ್ರದ ಎಂ.ಎ. ಪದವೀಧರನಾದ ನನಗೂ ಉತ್ತರ ಗೊತ್ತಿರಲಿಲ್ಲ. ‘ಗೊತ್ತಿಲ್ಲಪ್ಪ, ಕೂಡಿ ಹುಡುಕೋಣ’ ಎನ್ನುವ ಬದಲು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಜೀಪು ಹತ್ತಿದೆ. ನನ್ನ ವರದಿಯಲ್ಲಿ ಶೌಚಾಲಯ, ಕೊಠಡಿ, ಹಾಜರಾತಿಯ ಲೆಕ್ಕವಿತ್ತು. ಆ ಪ್ರಶ್ನೆ ಇರಲಿಲ್ಲ. ಆ ಹುಡುಗ ಮತ್ತೊಮ್ಮೆ ಎದ್ದು ನಿಂತನೋ ಇಲ್ಲವೋ, ನಾನರಿಯೆ.

ಸರ್ಕಾರಕ್ಕೆ ಹೆಚ್ಚಿನ ಖರ್ಚಿಲ್ಲದ ಸಲಹೆಯೊಂದಿದೆ. ಪ್ರತಿ ಪ್ರೌಢಶಾಲೆಯಲ್ಲಿ ವಾರಕ್ಕೊಂದು ತಾಸು ಮಕ್ಕಳ ಪ್ರಶ್ನೆಗಳಿಗಷ್ಟೇ ಮೀಸಲಿರಲಿ. ಆ ಪ್ರಶ್ನೆಗಳು ಒಂದು ವಹಿಯಲ್ಲಿ ದಾಖಲಾಗಲಿ. ಉತ್ತರ ಹುಡುಕಿಕೊಂಡು ಮಕ್ಕಳು ರೈತರ ಬಳಿಗೂ ಅಜ್ಜಿಯರ ಬಳಿಗೂ ಹೋಗಲಿ. ಅದಕ್ಕೆ ಅಂಕ ಮಾತ್ರ ಬೇಡ. ತಪಾಸಣೆಗೆ ಬರುವ ಅಧಿಕಾರಿ ಮೊದಲು ಆ ವಹಿಯನ್ನೇ ತೆರೆದು ನೋಡಲಿ. ನಾನು ನೋಡದೆ ಹೋದದ್ದನ್ನು ಅವರಾದರೂ ನೋಡಲಿ.