ಎರಡು ಟಿಕೀಟುಗಳ ನಡುವಣ ಗಡಿ

ಈಚೆಗೆ ಗುಂಡ್ಲುಪೇಟೆಯಲ್ಲಿ ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ನಡೆದ ಸಂಗತಿಯೊಂದನ್ನು ವಾಚಕರಿಗೆ ಅರಿಕೆಮಾಡುವುದು ಉಚಿತವೆಂದು ತೋರಿದೆ. ಆ ಮನೆಯ ಹಿರಿಯ ಗೃಹಿಣಿಯು ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟಿದ್ದರು. ಅಮೆರಿಕದ ವೀಸಾ ಕೈಯಲ್ಲಿದ್ದಿತು. ಮೆಂತ್ಯದ ಹಿಟ್ಟು, ಚಟ್ನಿಪುಡಿ, ಕೂಸಿನ ಕುಲಾವಿ ಇವೆಲ್ಲ ಪೆಟ್ಟಿಗೆ ಸೇರಿದ್ದುವು. ಮನೆಯ ತರುಣರು ಹಣ ಉಳಿಯುವುದೆಂಬ ಸದುದ್ದೇಶದಿಂದಲೇ, ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟಿಗೆ ಒಂದು ಸಂಸ್ಥೆಯ ಟಿಕೀಟನ್ನೂ ಅಲ್ಲಿಂದ ಅಮೆರಿಕಕ್ಕೆ ಬೇರೊಂದು ಸಂಸ್ಥೆಯ ಟಿಕೀಟನ್ನೂ ಪ್ರತ್ಯೇಕವಾಗಿ ಕೊಂಡಿದ್ದರು. ದೇವನಹಳ್ಳಿಯ ನಿಲ್ದಾಣದಲ್ಲಿ ಪೆಟ್ಟಿಗೆ ತೂಗುವ ಮೇಜಿನ ಬಳಿ ಕೇಳಿದ ಪ್ರಶ್ನೆ ಒಂದೇ: "ಜರ್ಮನಿಯನ್ನು ಪ್ರವೇಶಿಸುವ ವೀಸಾ ಎಲ್ಲಿ?" "ಜರ್ಮನಿಯಲ್ಲಿ ನನಗೇನು ಕೆಲಸ? ನಾನು ಹೋಗುವುದು ಮಗಳ ಮನೆಗೆ" ಎಂದು ಆಕೆ ಹೇಳಿದ ಉತ್ತರವು ಲೋಕನ್ಯಾಯಕ್ಕೆ ಸರಿಯೇ, ನಿಯಮಕ್ಕೆ ಮಾತ್ರ ಸಲ್ಲಲಿಲ್ಲ. ಎರಡು ಟಿಕೀಟುಗಳ ಹಣವೂ ಹೋಯಿತು. ಮತ್ತೊಂದು ಟಿಕೀಟು ಕೊಂಡು ಆಕೆ ಮಗಳ ಮನೆ ಮುಟ್ಟುವ ವೇಳೆಗೆ ನಾಮಕರಣವೂ ಮುಗಿದುಹೋಗಿದ್ದಿತು.

ಇದರಲ್ಲಿ ತಪ್ಪು ಎಲ್ಲಿಯದು? ಯಾರ ಅನ್ಯಾಯವೂ ಇದರಲ್ಲಿಲ್ಲ. ಒಂದು ಸೂಕ್ಷ್ಮವನ್ನು ಅರಿಯದೆ ಹೋದುದೇ ತಪ್ಪು.

2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವಾಕೇಂದ್ರವು ತೆರೆದಂದಿನಿಂದ, ಚಾಮರಾಜನಗರ ಸೀಮೆಯವರಿಗೆ ರಹದಾರಿ ಪಡೆಯುವುದು ಸುಲಭವಾಯಿತು. ಆದರೆ ರಹದಾರಿಯು ನಮ್ಮ ದೇಶ ನಮಗೆ ಕೊಡುವ ಪತ್ರ. ವೀಸಾ ಎಂಬುದು ಪರದೇಶವು ತನ್ನ ಬಾಗಿಲಲ್ಲಿ ಕೊಡುವ ಅಪ್ಪಣೆ. ಆ ಬಾಗಿಲನ್ನು ದಾಟುವೆವೋ ಇಲ್ಲವೋ ಎಂಬುದನ್ನು ಎಷ್ಟೋ ವೇಳೆ ನಮ್ಮ ಪೆಟ್ಟಿಗೆಯೇ ನಿರ್ಣಯಿಸುವುದೆಂಬುದನ್ನು ನಾವು ಯೋಚಿಸುವುದಿಲ್ಲ.

ಇಡೀ ಪ್ರಯಾಣಕ್ಕೆ ಒಂದೇ ಟಿಕೀಟಿದ್ದರೆ, ಪೆಟ್ಟಿಗೆಯನ್ನು ಸಾಮಾನ್ಯವಾಗಿ ಕೊನೆಯ ಊರಿಗೇ ರವಾನಿಸುತ್ತಾರೆ. ಪ್ರಯಾಣಿಕನು ನಡುದಾರಿಯ ನಿಲ್ದಾಣದ ಒಳಾಂಗಣದಲ್ಲಿಯೇ ಕುಳಿತಿದ್ದು ಮುಂದಿನ ವಿಮಾನವನ್ನೇರುತ್ತಾನೆ. ಕಾಯಿದೆಯ ಕಣ್ಣಿಗೆ ಅವನು ಆ ದೇಶವನ್ನು ಹೊಕ್ಕೇ ಇಲ್ಲ. ಟಿಕೀಟು ಎರಡಾದರೋ, ಮೊದಲನೆಯ ಸಂಸ್ಥೆಯ ಹೊಣೆ ನಡುದಾರಿಯಲ್ಲಿಯೇ ಮುಗಿಯುತ್ತದೆ. ಪೆಟ್ಟಿಗೆ ಅಲ್ಲಿಯೇ ಇಳಿಯುತ್ತದೆ. ಅದು ಇಳಿಯುವ ಸ್ಥಳವಾದರೋ ವಲಸೆ ತಪಾಸಣೆಯ ಆಚೆಗೆ! ಅದನ್ನು ಎತ್ತಿಕೊಂಡು, ಸುಂಕದ ಕಟ್ಟೆಯನ್ನು ದಾಟಿ, ಪುನಃ ಹೊರಗಿನಿಂದ ಬಂದು ಎರಡನೆಯ ಸಂಸ್ಥೆಗೆ ಒಪ್ಪಿಸಬೇಕಾದುದರಿಂದ, ಎರಡೇ ಗಂಟೆಯ ಕೆಲಸವಾದರೂ ಅದು ದೇಶಪ್ರವೇಶವೇ ಸರಿ. ಅಮೆರಿಕದ ವೀಸಾ ಉಳ್ಳ ಭಾರತೀಯರು ಒಳಾಂಗಣದಲ್ಲಿಯೇ ವಿಮಾನ ಬದಲಿಸುವುದಕ್ಕೆ ಜರ್ಮನಿಯು ಪ್ರತ್ಯೇಕ ವೀಸಾ ಕೇಳುವುದಿಲ್ಲ. ಆದರೆ ಆ ವಿನಾಯಿತಿ ಒಳಾಂಗಣಕ್ಕಷ್ಟೇ. ಹೊರಗೆ ಹೆಜ್ಜೆಯಿಡಲು ಷೆಂಗೆನ್ ವೀಸಾ ಬೇಕೇ ಬೇಕು.

ಈ ಕಟ್ಟಳೆ ದೇಶದಿಂದ ದೇಶಕ್ಕೆ ಬೇರೆ. ಅದೇ ಅಮೆರಿಕದ ವೀಸಾ ಹಿಡಿದು ಅಮೆರಿಕಕ್ಕೇ ಹೋಗುವವರು ಲಂಡನ್ನಿನಲ್ಲಿ ಇಳಿದರೆ, ಮರುದಿನದ ಮಧ್ಯರಾತ್ರಿಯೊಳಗೆ ಹೊರಡುವ ಖಚಿತವಾದ ವಿಮಾನವಿದ್ದಲ್ಲಿ, ವೀಸಾ ಇಲ್ಲದೆಯೇ ತಪಾಸಣೆಯನ್ನು ದಾಟುವ ಅನುಕೂಲವನ್ನು ಬ್ರಿಟನ್ ಕಲ್ಪಿಸಿದೆ. ಆದರೂ ಕೊನೆಯ ಮಾತು ಅಲ್ಲಿನ ಅಧಿಕಾರಿಯದು. ಅಮೆರಿಕದಲ್ಲಿಯಾದರೋ ಒಳಾಂಗಣವೆಂಬುದೇ ಇಲ್ಲ; ಮೆಕ್ಸಿಕೋವಿಗೆ ಹೋಗುವವನು ಅಲ್ಲಿ ವಿಮಾನ ಬದಲಿಸಿದರೂ, ಒಂದೇ ಟಿಕೀಟಿದ್ದರೂ, ಅಮೆರಿಕದ ವೀಸಾ ತೋರಿಸತಕ್ಕದ್ದು. ಇನ್ನು ಷೆಂಗೆನ್ ಒಕ್ಕೂಟದೊಳಗೆ ಎರಡು ನಿಲ್ದಾಣಗಳನ್ನು ಮುಟ್ಟುವವರು, ಫ್ರಾಂಕ್‌ಫರ್ಟಿನಲ್ಲಿಳಿದು ಪ್ಯಾರಿಸಿಗೆ ಹಾರಿ ಅಲ್ಲಿಂದ ಮುಂದುವರಿಯುವವರು, ಮೊದಲನೆಯದರಲ್ಲಿಯೇ ಒಕ್ಕೂಟವನ್ನು ಹೊಕ್ಕಂತಾಗುತ್ತದೆ.

ವಿಮಾನ ಸಂಸ್ಥೆಯವರು ಇಷ್ಟೊಂದು ಬಿಗಿ ಏಕೆಂದು ಕೆಲವರು ಕೋಪಿಸುತ್ತಾರೆ. ಪತ್ರಗಳಿಲ್ಲದ ಪ್ರಯಾಣಿಕನನ್ನು ಕರೆತಂದ ಸಂಸ್ಥೆಗೆ ದಂಡ ವಿಧಿಸುವ ಕಾಯಿದೆ ಬಹುದೇಶಗಳಲ್ಲಿದೆ. ನಮ್ಮಲ್ಲಿಯೂ 2000ರಲ್ಲಿ ಅಂತಹ ಕಾಯಿದೆಯಾಗಿ, ಈಗ 2025ರ ವಲಸೆ ಮತ್ತು ವಿದೇಶೀಯರ ಕಾಯಿದೆಯು ಅದರ ಸ್ಥಾನದಲ್ಲಿ ನಿಂತಿದೆ. ಆದಕಾರಣ ಅವರು ಟಿಮ್ಯಾಟಿಕ್ ಎಂಬ ನಿಯಮಕೋಶವನ್ನು ನೋಡಿಯೇ ಏರಿಸುತ್ತಾರೆ. ಕಣ್ಣೀರು ಅಲ್ಲಿ ಪ್ರಮಾಣವಾಗದು.

ಮತ್ತೊಂದು ನಷ್ಟವನ್ನೂ ಗಮನಿಸಬೇಕು. ಭಾರತವು 2009ರಲ್ಲಿ ಸೇರಿದ 1999ರ ಮಾಂಟ್ರಿಯಲ್ ಒಪ್ಪಂದದಂತೆ, ಹಲವು ಸಂಸ್ಥೆಗಳ ವಿಮಾನಗಳನ್ನೇರಿದರೂ ಉಭಯಪಕ್ಷದವರು ಒಂದೇ ವ್ಯವಹಾರವೆಂದು ಭಾವಿಸಿದ ಪ್ರಯಾಣವು ಅವಿಭಕ್ತ ಪ್ರಯಾಣ. ಪ್ರತ್ಯೇಕ ಟಿಕೀಟುಗಳಾದರೋ ಪಾಲಾದ ಮನೆಯಂತೆ. ಅಣ್ಣನ ತಡಕ್ಕೆ ತಮ್ಮನು ಹೊಣೆಯಲ್ಲ. ಮೊದಲನೆಯ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೆಯ ಸಂಸ್ಥೆಯ ಲೆಕ್ಕದಲ್ಲಿ ನಾವು ಬಾರದವರು.

ನಮ್ಮ ಸೀಮೆಯವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದು, ಗುಂಡ್ಲುಪೇಟೆಯಲ್ಲಿ ಇಳಿದು, ಸುಲ್ತಾನ್ ಬತ್ತೇರಿಗೆ ಬೇರೆ ವಾಹನ ಹಿಡಿಯುವವನನ್ನು ನೆನೆಯಿರಿ. 2009ರಲ್ಲಿ ಮೊದಲಾದ ನಿರ್ಬಂಧದಂತೆ ಬಂಡೀಪುರದ ಹಾದಿಯು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಬಸ್ಸು ತಡವಾಯಿತೆಂದು ಗೇಟು ತೆರೆಯುವುದಿಲ್ಲ. ಆದರೂ ಅವನು ಗುಂಡ್ಲುಪೇಟೆಯ ಯಾವ ಜಗುಲಿಯಲ್ಲಿಯಾದರೂ ರಾತ್ರಿ ಕಳೆದಾನು; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಪರದೇಶದ ನಡುದಾರಿಯಲ್ಲಿ ಆ ಜಗುಲಿಯೂ ಇಲ್ಲ.

ಆದುದರಿಂದ ಹಣ ಕೊಡುವ ಮುನ್ನವೇ ನಾಲ್ಕು ಮಾತು ವಿಚಾರಿಸಿರಿ. ಟಿಕೀಟು ಒಂದೋ ಎರಡೋ? ಪೆಟ್ಟಿಗೆ ಇಳಿಯುವುದು ಎಲ್ಲಿ? ನಡುದಾರಿಯ ದೇಶವು ಭಾರತೀಯ ರಹದಾರಿಯುಳ್ಳವರಿಂದ ಏನನ್ನು ಕೇಳುತ್ತದೆ? ಹೋಗುವಾಗಿನ ವಿನಾಯಿತಿಯು ಬರುವಾಗಲೂ ಸಲ್ಲುವುದೋ? ಜೊತೆಯಲ್ಲಿ ಪರದೇಶದ ರಹದಾರಿಯುಳ್ಳ ಮೊಮ್ಮಕ್ಕಳಿದ್ದರೆ ಅವರ ವಿಚಾರವನ್ನು ಬೇರೆಯಾಗಿಯೇ ಕೇಳಬೇಕು. ಅಜ್ಜಿಗೆ ಬೇಕಾದುದು ಅವರಿಗೆ ಬೇಡವಾದೀತು, ಭಾರತಕ್ಕೆ ಬರುವಾಗ ಅದೇ ತಿರುಗುಮುರುಗಾದೀತು. ಉತ್ತರವನ್ನು ಆಯಾ ದೇಶದ ಸರ್ಕಾರದ ಪ್ರಕಟಣೆಯಿಂದಲೂ ವಿಮಾನ ಸಂಸ್ಥೆಯಿಂದ ಬರಹದಲ್ಲಿಯೂ ಪಡೆಯತಕ್ಕದ್ದು. ನಿಯಮಗಳು ಬದಲಾಗುತ್ತಿರುವುದರಿಂದ, ಹಿಂದಿನ ವರ್ಷ ಹೋಗಿಬಂದವರ ಮಾತನ್ನು ನಂಬಿ ಹೊರಡಕೂಡದು.

ಮಿತವ್ಯಯವು ಗೃಹಸ್ಥರಿಗೆ ಭೂಷಣವೇ. ಆದರೆ ವಯಸ್ಸಾದ ತಾಯಿಯನ್ನು ಒಬ್ಬರೇ ಕಳುಹಿಸುವಾಗ ಒಂದೇ ಟಿಕೀಟಿಗೆ ತೆರುವ ಹೆಚ್ಚಿನ ಹಣವನ್ನು ದುಂದೆಂದು ನಾವು ಎಣಿಸೆವು. ಆ ಗೃಹಿಣಿಯು ಈಗ ಮಗಳ ಮನೆಯಲ್ಲಿ ಕೂಸಿಗೆ ನೀರೆರೆಯುತ್ತಿರುವರೆಂದು ತಿಳಿದು ನಮಗೆ ಸಂತೋಷವಾಗಿದೆ. ತೊಟ್ಟಿಲಿಗೆ ಹಾಕುವ ದಿನ ಮಾತ್ರ ಅವರ ಪಾಲಿಗೆ ಮರಳಿ ಬಾರದು.