ಮಾಡದೆ ಬಿಟ್ಟದ್ದರ ಲೆಕ್ಕ

ಸಂತ ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಬರುವ ಆ ಶ್ರೀಮಂತ ಮಾಡಿದ ತಪ್ಪಾದರೂ ಏನು? ಯಾರನ್ನೂ ಕೊಲ್ಲಲಿಲ್ಲ. ಯಾರ ಹೊಲವನ್ನೂ ಒತ್ತುವರಿ ಮಾಡಲಿಲ್ಲ. ಸುಳ್ಳು ಸಾಕ್ಷಿ ಹೇಳಲಿಲ್ಲ. ಬೆಲೆಬಾಳುವ ಬಟ್ಟೆ ಉಟ್ಟ, ದಿನವೂ ಹಬ್ಬದೂಟ ಉಂಡ, ಅಷ್ಟೇ. ಅವನ ಬಾಗಿಲಲ್ಲಿ ಮೈತುಂಬ ಹುಣ್ಣಾದ ಲಾಜರ ಬಿದ್ದಿದ್ದ. ನಾಯಿಗಳು ಬಂದು ಹುಣ್ಣು ನೆಕ್ಕುತ್ತಿದ್ದವು. ಶ್ರೀಮಂತ ಅವನನ್ನು ಒದೆಯಲಿಲ್ಲ, ಬೈಯಲಿಲ್ಲ, ಆಳುಗಳಿಗೆ ಹೇಳಿ ಬೀದಿಯಾಚೆ ಎತ್ತಿ ಹಾಕಿಸಲೂ ಇಲ್ಲ. ಇವತ್ತಿನ ನಮ್ಮ ಅಳತೆಯಲ್ಲಿ ನೋಡಿದರೆ ಸಾಧು ಮನುಷ್ಯ. ಚರ್ಚ್ ಪಾಲನಾ ಮಂಡಳಿಗೆ ನಿಂತಿದ್ದರೆ ಅವಿರೋಧವಾಗಿ ಆಯ್ಕೆಯಾಗುತ್ತಿದ್ದ.

ಈ ಸಾಮತಿಯನ್ನು ನಾವು ಎಷ್ಟು ಸಲ ಕೇಳಿಲ್ಲ! ಆದರೂ ಒಂದು ಸಂಗತಿ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಸತ್ತ ಮೇಲೆ ಉರಿಯಲ್ಲಿ ಬಿದ್ದ ಆ ಮನುಷ್ಯ ಅಬ್ರಹಾಮನನ್ನು ಬೇಡಿಕೊಳ್ಳುತ್ತಾನಲ್ಲ, ಬೆರಳ ತುದಿಯಲ್ಲಿ ಒಂದು ಹನಿ ನೀರು ತರಲಿ ಎಂದು, ಆಗ ಯಾರನ್ನು ಕಳಿಸು ಎನ್ನುತ್ತಾನೆ? ಲಾಜರನನ್ನು. ಹೆಸರು ಹಿಡಿದು ಕೇಳುತ್ತಾನೆ. ಅಂದರೆ ಅವನಿಗೆ ಆ ಮುಖದ ಗುರುತಿತ್ತು, ಹೆಸರೂ ಗೊತ್ತಿತ್ತು. ಕಾಣಲಿಲ್ಲ, ತಿಳಿಯಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿಯನ್ನು ಅವನ ಬಾಯೇ ಮುಚ್ಚಿಬಿಟ್ಟಿತು. ಇನ್ನೂ ಘೋರವಾದದ್ದೆಂದರೆ, ಅಲ್ಲಿಯೂ ಅವನ ಕಣ್ಣಿಗೆ ಲಾಜರ ಆಳೇ: ನೀರು ತಂದುಕೊಡಬೇಕಾದವನು, ಅದಾಗದಿದ್ದರೆ ಅಣ್ಣತಮ್ಮಂದಿರ ಮನೆಗೆ ಸುದ್ದಿ ಮುಟ್ಟಿಸಬೇಕಾದವನು. ಉರಿಯಲ್ಲಿ ಬೆಂದರೂ ಯಜಮಾನಿಕೆ ಹೋಗಲಿಲ್ಲ. ಪೂರ್ವಜ ಅಬ್ರಹಾಮನನ್ನು ಬಿಟ್ಟರೆ, ಯೇಸು ಹೇಳಿದ ಸಾಮತಿಗಳಲ್ಲಿ ಸ್ವಂತ ಹೆಸರು ಪಡೆದ ಪಾತ್ರ ಈ ಭಿಕ್ಷುಕ ಒಬ್ಬನೇ. ಶ್ರೀಮಂತನಿಗೆ ಹೆಸರಿಲ್ಲ.

ಲಾಜರ ಬಿದ್ದಿದ್ದ ಆ ಗೇಟು ಈಗಲೂ ಇದೆ. ಅಪಾರ್ಟ್‌ಮೆಂಟಿನ ಗೇಟು, ಕಾನ್ವೆಂಟ್ ಶಾಲೆಯ ಗೇಟು, ಚರ್ಚಿನ ಗೇಟು. ರಾತ್ರಿ ಪಾಳಿಯ ಸೆಕ್ಯುರಿಟಿಯವನು ಅಸ್ಸಾಮಿನಿಂದಲೋ ಒಡಿಶಾದಿಂದಲೋ ಬಂದ ಹುಡುಗ. ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಇನ್ಯಾರದೋ ಅಳತೆಗೆ ಹೊಲಿದ ಯೂನಿಫಾರ್ಮ್, ಸೊಳ್ಳೆಬತ್ತಿ, ಒಂದು ಬಾಟಲಿ ನೀರು, ಹನ್ನೆರಡು ಗಂಟೆಯ ಪಾಳಿ. ಕ್ರಿಸ್ಮಸ್ ರಾತ್ರಿಯ ಪೂಜೆ ಮುಗಿಸಿ ನಾವು ಕೇಕ್ ತಿನ್ನುತ್ತಾ ಹೊರಬರುವಾಗ ನಮ್ಮ ಕಾರುಗಳು ಒಂದಕ್ಕೊಂದು ತಾಗದಂತೆ ಸೀಟಿ ಊದುವವನು ಅವನೇ. ಗೇಟಿನ ಆ್ಯಪ್‌ನಲ್ಲಿ ಬಿರಿಯಾನಿ ತಂದ ಹುಡುಗನ ಹೆಸರು, ಫೋಟೊ, ಬಂದ ಹೊತ್ತು ಎಲ್ಲವೂ ಬರುತ್ತದೆ. ಗೇಟು ತೆರೆದವನ ಹೆಸರು ನಮಗೆ ಗೊತ್ತಿಲ್ಲ. ಆ ಶ್ರೀಮಂತ ನಮಗಿಂತ ವಾಸಿ.

ಬಂಧುಗಳೇ, ಸಾಮತಿಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಒಮ್ಮೆ ಓದಿ ನೋಡಿ. ತೋಟದ ಒಡೆಯನ ಮಗನನ್ನೇ ಕೊಂದ ಗೇಣಿದಾರರಂಥವರು ಅಲ್ಲಿ ಇಲ್ಲವೆಂದಲ್ಲ. ಆದರೆ ಹೊರಗೆ ಉಳಿದವರಲ್ಲಿ ಬಹುಪಾಲು ಮಂದಿ ಏನನ್ನೂ ಮಾಡದವರು. ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕ ಒಂದು ಕಾಸನ್ನೂ ಕದಿಯಲಿಲ್ಲ, ಕೊಟ್ಟಷ್ಟನ್ನೂ ಹಾಗೆಯೇ ತಂದೊಪ್ಪಿಸಿದ. ಔತಣಕ್ಕೆ ಬಾರದವರ ಕಾರಣಗಳನ್ನು ಕೇಳಿ: ಒಬ್ಬ ಹೊಲ ಕೊಂಡಿದ್ದ, ಒಬ್ಬ ಐದು ಜೋಡಿ ಎತ್ತು ಕೊಂಡಿದ್ದ, ಒಬ್ಬನಿಗೆ ಆಗಷ್ಟೇ ಮದುವೆಯಾಗಿತ್ತು. ಇದರಲ್ಲಿ ಪಾಪ ಯಾವುದು? ಒಂದೂ ಅಲ್ಲ. ಇನ್ನು ಸಂತ ಮತ್ತಾಯನ 25ನೇ ಅಧ್ಯಾಯದ ಕಡೆಯ ತೀರ್ಪಿನಲ್ಲಿ ಎಡಗಡೆ ನಿಂತವರು ನಿಜವಾಗಿಯೂ ದಿಗ್ಭ್ರಮೆಗೊಂಡಿದ್ದಾರೆ. ಅನ್ನ ಕೊಡದೆ, ಬಟ್ಟೆ ಕೊಡದೆ, ಸೆರೆಮನೆಗೆ ಬಂದು ನೋಡದೆ ಬಿಟ್ಟದ್ದು ಯಾರನ್ನು ಎಂಬುದೇ ಅವರಿಗೆ ಹೊಳೆಯುವುದಿಲ್ಲ.

ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು, ಮಾಡಿದ ಪಾಪದ ಜೊತೆಗೆ ಮಾಡದೆ ಬಿಟ್ಟದ್ದಕ್ಕೂ ನಾವು ಕ್ಷಮೆ ಕೇಳುತ್ತೇವೆ. ಆದರೆ ಪಾಪನಿವೇದನೆಗೆ ಮೊಣಕಾಲೂರಿದಾಗ ನೆನಪಾಗುವುದು ಸಿಟ್ಟು ಮಾಡಿದ್ದು, ಸುಳ್ಳು ಹೇಳಿದ್ದು, ಭಾನುವಾರ ತಪ್ಪಿಸಿದ್ದು. ಮಾಡದೆ ಬಿಟ್ಟದ್ದರ ಪಟ್ಟಿ ಹಿಡಿದು ಹೋದರೆ ಫಾದರ್ ಊಟಕ್ಕೆ ತಡವಾದೀತು!

ಸಮಾರ್ಯದವನ ಕಥೆಗೆ ಬರೋಣ. ಜೆರುಸಲೇಮಿನಿಂದ ಜೆರಿಕೋಗೆ ಸುಮಾರು 27 ಕಿಲೋಮೀಟರ್ ದಾರಿ. ಒಣ ಬೆಟ್ಟಗಳ ನಡುವೆ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು. ದರೋಡೆಕೋರರಿಗೆ ಹೇಳಿ ಮಾಡಿಸಿದ ಜಾಗ. ಅವರು ಹೊಡೆದು ಬಿಸಾಡಿದವನೊಬ್ಬ ಅಲ್ಲಿ ಅರೆಜೀವವಾಗಿ ಬಿದ್ದಿದ್ದ. ಅವನನ್ನು ಕಂಡೂ ಪಕ್ಕಕ್ಕೆ ಸರಿದು ಹೋದ ಯಾಜಕನು ಆ ದಾರಿಯಲ್ಲಿ ಇಳಿದು ಬರುತ್ತಿದ್ದ ಎನ್ನುತ್ತಾನೆ ಲೂಕ. ಇಳಿದು ಬರುತ್ತಿದ್ದ ಎಂದರೆ ದೇವಾಲಯಕ್ಕೆ ಹೋಗುತ್ತಿರಲಿಲ್ಲ, ಅದರ ಊರಿನಿಂದ ಹೊರಟಿದ್ದ. ಹೆಣ ಮುಟ್ಟಿ ಮೈಲಿಗೆಯಾದರೆ ಸೇವೆಗೆ ಅಡ್ಡಿಯಾದೀತು ಎಂಬ ನೆಪವೂ ಅವನಿಗೆ ಇರಲಿಲ್ಲ. ಬಹುಶಃ ಪೂಜೆ ಪೂರೈಸಿ ಮನೆಗೆ ಹೊರಟವನು, ನಮ್ಮಂತೆ.

2017ರ ಆರಂಭದಲ್ಲಿ ಕೊಪ್ಪಳದಲ್ಲಿ ಬಸ್ಸು ಹರಿದು 18 ವರ್ಷದ ಸೈಕಲ್ ಸವಾರನೊಬ್ಬ ನೆತ್ತರ ಮಡುವಿನಲ್ಲಿ ಬಿದ್ದು ನೆರವಿಗಾಗಿ ಅಂಗಲಾಚುತ್ತಿದ್ದ. ಸುತ್ತ ನೆರೆದವರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಹುಡುಗ ಉಳಿಯಲಿಲ್ಲ. ಪೊಲೀಸು, ಕೋರ್ಟು, ಸಾಕ್ಷಿ ಎಂದು ಅಲೆಯಬೇಕಾದೀತೆಂಬ ಹೆದರಿಕೆ ಎಂದು ಆಗ ಹೇಳಿಕೊಂಡೆವು. ಆ ಹೆದರಿಕೆಗೂ ಈಗ ನೆಲೆಯಿಲ್ಲ. ಗಾಯಾಳುಗಳಿಗೆ ನೆರವಾದವರನ್ನು ಕಾಪಾಡಲು ಕರ್ನಾಟಕ 2016ರಲ್ಲೇ ಕಾಯ್ದೆ ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಕಲಂ ಸೇರಿತು. ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಈ ಕಾನೂನು ಅಂಥವನನ್ನು ಕರೆಯುವುದು ಗುಡ್ ಸಮಾರಿಟನ್ ಎಂದೇ. ನಮ್ಮ ಪ್ರಭು ಹೇಳಿದ ಕಥೆಯನ್ನು ಸಂಸತ್ತು ಕಾಯ್ದೆಯ ಪುಸ್ತಕಕ್ಕೆ ಸೇರಿಸಿತು. ನಾವು ಅದನ್ನು ಭಾನುವಾರದ ಪ್ರಬೋಧನೆಗೆ ಬಿಟ್ಟುಕೊಟ್ಟೆವು. 2022ರೊಂದರಲ್ಲೇ ಈ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ.

ಆದರೆ ಆ ಸಾಮತಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ ದೃಶ್ಯವಲ್ಲ. ಛತ್ರದವನ ಎದುರು ನಡೆದ ಲೆಕ್ಕಾಚಾರ. ಸಮಾರ್ಯದವನು ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಮುಂಗಡ ಕೊಡುತ್ತಾನೆ. ಅಷ್ಟಕ್ಕೆ ಬಿಟ್ಟಿದ್ದರೂ ದೊಡ್ಡ ದಾನವೇ. ಅವನು ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ಖರ್ಚಾದರೆ ಹಿಂದಿರುಗುವಾಗ ನಾನೇ ತೀರಿಸುತ್ತೇನೆ ಎಂದು ಮಾತು ಕೊಡುತ್ತಾನೆ. ಎಷ್ಟಾದೀತು ಎಂದು ಕೇಳುವುದಿಲ್ಲ. ಆಸ್ಪತ್ರೆಯ ಕ್ಯಾಶ್ ಕೌಂಟರಿನಲ್ಲಿ ನಿಂತವರಿಗೆ ಗೊತ್ತು, ಆ ಮಾತಿನ ತೂಕ ಏನೆಂದು. ಹೆಸರೂ ಅರಿಯದ, ತನ್ನ ಜನರನ್ನು ಕಂಡರಾಗದ ಕುಲದ ಒಬ್ಬನಿಗೆ ಅವನು ಜಾಮೀನು ನಿಂತ.

ಜಾಮೀನು ಎಂದೆ. ಇದನ್ನು ಸುಮ್ಮನೆ ಮಾತಿಗೆ ಹೇಳಿದ್ದಲ್ಲ. 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರಲ್ಲಿ ನ್ಯಾಯಾಲಯ ಜಾಮೀನು ಮಂಜೂರು ಮಾಡಿದ ಮೇಲೂ ಒಳಗೇ ಉಳಿಯುವವರಿದ್ದಾರೆ. ಕಾರಣ, ಶ್ಯೂರಿಟಿ ಕೊಡುವವರಿಲ್ಲ. ಆಧಾರ್, ಪಹಣಿ ಇಲ್ಲವೇ ಮನೆಯ ಕಂದಾಯದ ರಸೀದಿ ಹಿಡಿದು ನ್ಯಾಯಾಧೀಶರ ಮುಂದೆ ನಿಂತು, ಇವನು ತಪ್ಪಿಸಿಕೊಂಡರೆ ಇಷ್ಟು ಹಣಕ್ಕೆ ನಾನು ಹೊಣೆ ಎಂದು ಸಹಿ ಹಾಕುವ ಒಬ್ಬ ಮನುಷ್ಯ ಬೇಕು. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವನಿಗೆ ಮಂಗಳೂರಿನಲ್ಲಿ ಅಂಥವರು ಎಲ್ಲಿಂದ ಸಿಗಬೇಕು? ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಇದನ್ನೇ ಕುರಿತು ಆದೇಶ ಮಾಡಿತು: ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ನ್ಯಾಯಾಲಯಕ್ಕೆ ಕಂಡ ಲಾಜರ ನಮಗೆ ಕಾಣಲಿಲ್ಲ.

ಕ್ರಿಸ್ಮಸ್ ಬಂತೆಂದರೆ ನಾವು ಜೈಲಿಗೆ ಹೋಗುತ್ತೇವೆ, ನಿಜ. ಗಿಟಾರು, ಸಾಂತಾ ಟೊಪ್ಪಿ, ಸ್ವೀಟ್ ಬಾಕ್ಸ್, ಮರುದಿನದ ಪತ್ರಿಕೆಯಲ್ಲಿ ಫೋಟೊ. ಅದನ್ನು ಹಗುರವಾಗಿ ಕಾಣುತ್ತಿಲ್ಲ; ಒಳಗಿರುವವನಿಗೆ ಅಂದಿನ ಒಂದು ತುಂಡು ಕೇಕೂ ಹಬ್ಬವೇ. ಆದರೆ ಕೇಕ್ ತಿಂದವನನ್ನು ಅಲ್ಲೇ ಬಿಟ್ಟು ಬರುತ್ತೇವಲ್ಲ, ಅವನಿಗೆ ಬೇಕಿದ್ದದ್ದು ನಮ್ಮ ಬೀರುವಿನಲ್ಲಿರುವ ಒಂದು ಪಹಣಿ.

ಅಪಾಯವಿಲ್ಲವೇ? ಇದೆ. ಅವನು ಕೋರ್ಟಿಗೆ ಹಾಜರಾಗದಿದ್ದರೆ ಹಣ ಕಟ್ಟಬೇಕಾದೀತು, ಅಲೆದಾಟ ಆದೀತು. ಸಮಾರ್ಯದವನಿಗೂ ಅಪಾಯವಿತ್ತು.

ಇನ್ನೊಂದು ಮಾತು ನಮ್ಮವರ ಬಾಯಲ್ಲಿ ಬೇಗ ಬರುತ್ತದೆ. ನೆರವಿಗೆ ಕೈ ಚಾಚಿದರೆ ಮತಾಂತರ ಎನ್ನುತ್ತಾರೆ, ನಮಗೇಕೆ ಇಲ್ಲದ ಉಸಾಬರಿ ಎಂದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆದದ್ದನ್ನು ಕಂಡವರ ಈ ಅಳುಕು ಸುಳ್ಳಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ನಾವು ಶೇಕಡಾ 2ಕ್ಕೂ ಕಡಿಮೆ. ಆದರೂ ಕೇಳುತ್ತೇನೆ: ಸಮಾರ್ಯದವನು ಆ ಗಾಯಾಳುವಿನೊಂದಿಗೆ ಏನು ಮಾತಾಡಿದ? ಒಂದು ಮಾತೂ ಸಾಮತಿಯಲ್ಲಿಲ್ಲ. ತಾನು ಆರಾಧಿಸುವ ಬೆಟ್ಟ ಯಾವುದು, ತನ್ನ ಪೂಜೆ ಎಂಥದ್ದು ಎಂದು ಹೇಳಲಿಲ್ಲ, ಕರಪತ್ರ ಕೊಡಲಿಲ್ಲ. ಹೇಸರಗತ್ತೆಯೋ ಕತ್ತೆಯೋ, ತನ್ನ ಸವಾರಿಯ ಮೇಲೆ ಅವನನ್ನು ಕೂರಿಸಿ ತಾನು ನಡೆದ. ಜಾಮೀನಿನ ಕಾಗದದಲ್ಲಿ ಬೈಬಲ್ ವಚನ ಬರೆಯಲು ಜಾಗವೂ ಇಲ್ಲ.

ಆಗ ಕೆಲವರು ಹಿರಿಯರ ಲೆಕ್ಕ ತೆಗೆಯುತ್ತಾರೆ. ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು, ಊರು ಹೊರಗಿಟ್ಟ ಕುಷ್ಠರೋಗಿಗಳಿಗೆ ಸೂರು ಕೊಟ್ಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರಗೊಂಡು ಕುಲದಿಂದ ಹೊರಬಿದ್ದವರಿಗೆ ಅನ್ನದ ದಾರಿಯಾಗಲೆಂದು ಮಗ್ಗ ಹಾಕಿದರು, ಅಚ್ಚುಕೂಟ ನಡೆಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಎಲ್ಲ ನಿಜ, ಎಲ್ಲಕ್ಕೂ ಕೈ ಮುಗಿಯುತ್ತೇನೆ. ಆದರೆ ಅವರು ತೊಡಗಿಸಿದ ಬಂಡವಾಳವನ್ನು ನಾವು ಫಿಕ್ಸೆಡ್ ಡೆಪಾಸಿಟ್ ಮಾಡಿಟ್ಟು ಬಡ್ಡಿಯಲ್ಲಿ ಜ್ಯುಬಿಲಿ ಆಚರಿಸುತ್ತಿದ್ದೇವೆ. ಶತಮಾನೋತ್ಸವದ ಸ್ಮರಣ ಸಂಚಿಕೆ, ಗ್ರಾನೈಟ್ ಫಲಕ, ಸನ್ಮಾನ, ಊಟ. ಅದೇ ಸಂಸ್ಥೆಯ ವರಾಂಡ ಒರೆಸುವ ಹೆಂಗಸಿಗೆ ಇಎಸ್‌ಐ ಕಾರ್ಡು ಇದೆಯೇ, ಪಿಎಫ್ ಕಟ್ಟುತ್ತಾರೆಯೇ, ಗುತ್ತಿಗೆದಾರ ಅವಳ ಕೂಲಿಯಲ್ಲಿ ಎಷ್ಟು ಹಿಡಿಯುತ್ತಾನೆ ಎಂದು ಕೇಳಿದವರು ಯಾರು?

ಕೂಲಿಯ ಬಗ್ಗೆ ಯೇಸು ಹೇಳಿದ ಸಾಮತಿ ನಮಗೆ ಕಡೆಗೂ ಜೀರ್ಣವಾಗಲಿಲ್ಲ. ಸಂಜೆ ಐದರ ಹೊತ್ತಿಗೆ ಕೆಲಸಕ್ಕೆ ಬಂದವನಿಗೂ ಒಡೆಯ ಇಡೀ ದಿನದ ದಿನಾರಿ ಕೊಟ್ಟ. ಅಲ್ಲಿಯತನಕ ಆ ಕೂಲಿಗಳು ಸೋಮಾರಿಗಳಾಗಿ ಮಲಗಿರಲಿಲ್ಲ. ಸಂತೆಯ ಬೀದಿಯಲ್ಲೇ ನಿಂತಿದ್ದರು, ಕರೆಯುವವರಿರಲಿಲ್ಲ. ಬೆಂಗಳೂರಿನ ಲೇಬರ್ ಅಡ್ಡೆಗಳಲ್ಲಿ ಬೆಳಗಿನ ಹತ್ತರ ಬಳಿಕವೂ ಬುತ್ತಿಯ ಡಬ್ಬಿ ಹಿಡಿದು ನಿಂತವರನ್ನು ನೋಡಿ. ಅವರ ಮನೆಯ ಬಾಡಿಗೆ, ಮಗುವಿನ ಹಾಲು, ಸಂಘದ ಸಾಲದ ಕಂತು ಕೆಲಸ ಸಿಕ್ಕ ಗಂಟೆಗಳನ್ನು ನೋಡಿಕೊಂಡು ಕಡಿಮೆಯಾಗುವುದಿಲ್ಲ. ಆ ಒಡೆಯನಿಗೆ ಈ ಲೆಕ್ಕ ಬರುತ್ತಿತ್ತು. ನಾವೋ, ಜ್ವರ ಬಂದು ನಾಲ್ಕು ದಿನ ಬಾರದ ಮನೆಕೆಲಸದಾಕೆಯ ಸಂಬಳದಲ್ಲಿ ನಾಲ್ಕು ದಿನದ್ದನ್ನು ಮುರಿದುಕೊಂಡು, ಭಾನುವಾರ ಇದೇ ಸಾಮತಿಯ ವಾಚನ ಕೇಳಿ ದೇವರಿಗೆ ಕೃತಜ್ಞತೆ ಹೇಳುತ್ತೇವೆ.

ಜಾತಿಯ ಬಗ್ಗೆ ಉದ್ದಕ್ಕೆ ಬರೆಯುವ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಬಾಮಣ, ಚಾರೋಡಿ ಎಂದು ವಿಚಾರಿಸದೆ ಕರಾವಳಿಯಲ್ಲಿ ಎಷ್ಟು ಸಂಬಂಧಗಳು ಕುದುರುತ್ತವೆ? ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಎಂದು 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಬಿಷಪರ ಸಮ್ಮೇಳನವೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಬಿಷಪರು. ಒಪ್ಪಿಕೊಳ್ಳಬೇಕಾಗಿರುವುದು ನಮ್ಮ ಊಟದ ಮೇಜು.

ಹಾಗಾದರೆ ಏನು ಮಾಡೋಣ? ಮತ್ತೊಂದು ಧ್ಯಾನಕೂಟ ಬೇಡ. ಚರ್ಚ್ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ, ಹಬ್ಬದ ಲೈಟಿಂಗ್ ವಿಷಯಕ್ಕೆ ಹೋಗುವ ಮೊದಲು, ಯಾರಾದರೂ ಎದ್ದು ನಿಂತು ಕೇಳಿ: ನಮ್ಮ ಶಾಲೆಯಲ್ಲಿ, ನಮ್ಮ ಆಸ್ಪತ್ರೆಯಲ್ಲಿ, ನಮ್ಮ ಗೇಟಿನಲ್ಲಿ ಗುತ್ತಿಗೆಗೆ ದುಡಿಯುವವರೆಷ್ಟು, ಅವರ ಕೈಗೆ ಬರುವುದೆಷ್ಟು? ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ. ಫಾದರ್ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಎರಡು ಭಾನುವಾರದಲ್ಲಿ ಸರಿಹೋಗುತ್ತಾರೆ. ಪ್ರತಿ ಧರ್ಮಕೇಂದ್ರದಲ್ಲೂ ಒಬ್ಬರಾದರೂ ವಕೀಲರಿರುತ್ತಾರೆ, ಜಮೀನಿದ್ದವರು ಹತ್ತಾರು ಮಂದಿ ಇರುತ್ತಾರೆ. ವಕೀಲರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಜಾಮೀನು ಮಂಜೂರಾಗಿಯೂ ಶ್ಯೂರಿಟಿಯಿಲ್ಲದೆ ಒಳಗಿರುವವರು ಯಾರೆಂದು ಕೇಳಿ ತರಲಿ. ಕೈದಿ ನಮ್ಮವನೋ ಅಲ್ಲವೋ ಎಂದು ವಿಚಾರಿಸುವುದು ಬೇಡ. ಒಂದು ಧರ್ಮಕೇಂದ್ರ, ವರ್ಷಕ್ಕೆ ಒಬ್ಬನೇ ಒಬ್ಬ ಕೈದಿ, ಅಷ್ಟರಿಂದ ಶುರುವಾಗಲಿ. ಅವನು ಕೋರ್ಟಿನ ತಾರೀಖು ತಪ್ಪಿಸದಂತೆ ಹಿಂದಿನ ದಿನ ಫೋನ್ ಮಾಡಲು ಯುವಜನರಲ್ಲಿ ಇಬ್ಬರನ್ನು ನೇಮಿಸಿ. ಬಸ್ ಚಾರ್ಜನ್ನು ಸಂತ ವಿನ್ಸೆಂಟ್ ದ ಪಾವ್ಲ್ ಸಭೆಯವರು ಕೊಟ್ಟಾರು.

ಭಾನುವಾರ ಎರಡನೇ ಪೂಜೆ ಮುಗಿದ ಮೇಲೆ ಸಭೆ ಕರೆಯಿರಿ. ಬರುವವರು ಪಹಣಿಯ ನಕಲು, ಆಧಾರ್, ಎರಡು ಫೋಟೊ ತರಲಿ.